ಭಾವ ಮುಚ್ಚಿದ ಕಣ್ಣು

ನನ್ನ ಭಾವ, ಅಂದರೆ ನನ್ನ ಅಕ್ಕನ ಗಂಡ, ಯಾವ ವಸ್ತುವನ್ನೂ ಎರಡು ಕಣ್ಣಿನಿಂದ ನೋಡಿದವರಲ್ಲ. ಹಾಗೆಂದ ಮಾತ್ರಕ್ಕೆ ಅವರಿಗೆ ಇದ್ದದ್ದೇ ಒಂದು ಕಣ್ಣು ಎಂದು ತಿಳಿಯಬೇಡಿ. ಎರಡೂ ಇದ್ದವು, ಎರಡೂ ಚೆನ್ನಾಗಿದ್ದವು. ಆದರೆ ನೋಡಬೇಕಾದ ವಸ್ತು ಎದುರಿಗೆ ಬಂದ ಕೂಡಲೇ ಎಡಗಣ್ಣು ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತಿತ್ತು, ಮಧ್ಯಾಹ್ನದ ಹೊತ್ತು ಅಂಗಡಿಯ ಬಾಗಿಲು ಎಳೆದ ಹಾಗೆ. ಬಸ್ಸಿನ ಬೋರ್ಡು ಓದುವಾಗ ಹಾಗೆ, ಬಂಗುಡೆ ಕೊಳ್ಳುವಾಗ ಹಾಗೆ, ಉಡುಪಿಯಲ್ಲಿ ದೇವರ ಮುಂದೆ ನಿಂತಾಗಲೂ ಹಾಗೆಯೇ! ನಾನೊಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ.

"ದೇವರನ್ನಾದರೂ ಎರಡು ಕಣ್ಣು ಬಿಟ್ಟು ನೋಡಬಾರದಾ ಭಾವ?"

"ಟೀಚರೇ, ಕೃಷ್ಣನನ್ನು ನೋಡುವ ಕಿಂಡಿಗೆ ಒಂಬತ್ತು ತೂತು ಉಂಟು. ಒಂದು ತೂತಿನಲ್ಲಿ ಹಿಡಿಯುವುದು ಒಂದೇ ಕಣ್ಣು. ಇದು ದೇವರಿಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ" ಎಂದರು.

ನಾನು ಕಾರ್ಕಳದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಹಾಗಾಗಿ ಅವರ ಬಾಯಲ್ಲಿ ನನಗೆ ಬೇರೆ ಹೆಸರೇ ಇರಲಿಲ್ಲ.

ಈ ಕಣ್ಣಿನ ದೆಸೆಯಿಂದ ಅವರ ಮದುವೆಯೇ ತಪ್ಪಿಹೋಗುವುದರಲ್ಲಿತ್ತು. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಅಕ್ಕನನ್ನು ನೋಡಲು ಹಿರಿಯಡ್ಕದ ನಮ್ಮ ಮನೆಗೆ ಬಂದಿದ್ದರು. ಅಕ್ಕ ಕಾಫಿಯ ತಟ್ಟೆ ಹಿಡಿದುಕೊಂಡು ಬಂದಳು. ಹುಡುಗ ತಲೆಯೆತ್ತಿ ಅವಳನ್ನು ನೋಡಿದ. ನೋಡಿ, ಎಡಗಣ್ಣು ಮುಚ್ಚಿದ. ಅಷ್ಟೇ! ಬಾಗಿಲ ಸಂದಿಯಲ್ಲಿ ನಿಂತಿದ್ದ ನಮ್ಮ ಅಮ್ಮ ಒಳಗೆ ಓಡಿ ಬಂದು ಎದೆ ಹಿಡಿದುಕೊಂಡು ಕೂತರು.

"ಕಣ್ಣು ಹೊಡೆದ! ಹಿರಿಯರ ಎದುರಿಗೇ ಕಣ್ಣು ಹೊಡೆದ! ಇಂಥವನಿಗೆ ಮಗಳನ್ನು ಕೊಡುವುದಾ?"

ಅಪ್ಪ ಗಂಟಲು ಸರಿಮಾಡಿಕೊಂಡು ವಿಚಾರಿಸಿದರು. ಹುಡುಗ ಸ್ವಲ್ಪವೂ ಅಳುಕದೆ ಉತ್ತರ ಕೊಟ್ಟ. "ಕಣ್ಣು ಹೊಡೆದದ್ದಲ್ಲ ಮಾವ. ಎಡಗಿವಿಯ ಬೆಂಡೋಲೆ ಬಲಗಿವಿಯದ್ದಕ್ಕಿಂತ ಒಂದು ನೂಲು ಕೆಳಗೆ ಉಂಟು. ತಪ್ಪು ಓಲೆಯದ್ದಾ ಕಿವಿಯದ್ದಾ ಅಂತ ನೋಡಿದೆ."

ಅಮ್ಮನಿಗೆ ಇದು ಕಣ್ಣು ಹೊಡೆದದ್ದಕ್ಕಿಂತ ದೊಡ್ಡ ಅಪರಾಧವಾಗಿ ಕಂಡಿತು. ಅಕ್ಕ ಮಾತ್ರ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನಕ್ಕು ಮುಗಿದ ಮೇಲೆ, "ನನ್ನನ್ನು ಇಷ್ಟು ಸರಿಯಾಗಿ ಇದುವರೆಗೆ ಯಾರೂ ನೋಡಿಲ್ಲ. ಇವರೇ ಆಗಬಹುದು" ಎಂದಳು. ಓಲೆಯನ್ನು ಅಕ್ಕಸಾಲಿಗನಿಗೆ ತೋರಿಸಿದಾಗ ತಪ್ಪು ಓಲೆಯದ್ದೇ ಎಂದು ಗೊತ್ತಾಯಿತು.

ಭಾವನಿಗೆ ಈ ರೋಗ ಹತ್ತಿಸಿದ್ದು ಅವರ ಉದ್ಯೋಗ. ಅವರಿಗೆ ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಕೆಲಸ. ಕ್ಯಾಲೆಂಡರಿನ ಬಣ್ಣದ ಚಿತ್ರ ಅಚ್ಚಾಗಬೇಕಾದರೆ ಮೊದಲು ನಾಲ್ಕು ಬಣ್ಣಕ್ಕೆ ನಾಲ್ಕು ಫಿಲ್ಮು ತಯಾರಾಗಬೇಕು. ಅವು ಒಂದರ ಮೇಲೊಂದು ಕೂದಲೆಳೆಯಷ್ಟೂ ಜಾರದೆ ಕೂರಬೇಕು. ಜಾರಿದರೆ ಲಕ್ಷ್ಮಿಗೆ ಎರಡು ಮೂಗು. ಲಕ್ಷ್ಮಿಗೆ ಒಂದೇ ಮೂಗಿರುವಂತೆ ನೋಡಿಕೊಳ್ಳುವುದೇ ಭಾವನ ಜವಾಬ್ದಾರಿ. ಕಪ್ಪು ದಾರ ಕಟ್ಟಿದ ಒಂದು ಪುಟ್ಟ ಭೂತಗನ್ನಡಿ ಯಾವಾಗಲೂ ಅವರ ಕೊರಳಲ್ಲಿ ನೇತಾಡುತ್ತಿತ್ತು. ಅದನ್ನು ಬಲಗಣ್ಣಿಗೆ ಒತ್ತಿ, ಎಡಗಣ್ಣು ಮುಚ್ಚಿ, ದಿನಕ್ಕೆ ಎಂಟು ಗಂಟೆ ಫಿಲ್ಮಿನ ಮೇಲೆ ಬಗ್ಗಿರುತ್ತಿದ್ದರು. ಅವರ ಮನೆ ಇದ್ದದ್ದು ಕಾಪುವಿನಲ್ಲಿ. ಅಲ್ಲಿಂದ ಬೆಳಗ್ಗೆ ಏಳರ ಬಸ್ಸು ಹತ್ತಿದರೆ ಮತ್ತೆ ಮನೆ ಸೇರುವಾಗ ದೀಪ ಹಚ್ಚಿರುತ್ತಿತ್ತು.

ಎಲ್ಲರ ಚಿತ್ರವನ್ನೂ ಸರಿಮಾಡುವ ಈ ಮಹಾನುಭಾವರು ಕೆಡಿಸಿದ್ದು ಒಂದೇ ಒಂದು ಚಿತ್ರವನ್ನು. ಅದು ಅವರದೇ ಮದುವೆಯ ಫೋಟೊ!

ಜೋಡಿಯ ಫೋಟೊ ತೆಗೆದದ್ದೇ ಒಂದು. ಉಳಿದ ರೀಲು ದಿಬ್ಬಣದವರ ಮೇಲೆ, ಅಡುಗೆಯವರ ಮೇಲೆ, ಯಾರದೋ ನಾಯಿಯ ಮೇಲೆ ಖರ್ಚಾಗಿತ್ತು. ಭಾವ ಆ ನೆಗೆಟಿವನ್ನು, "ಸ್ವಲ್ಪ ತಿದ್ದಿ ಕೊಡ್ತೇನೆ" ಎಂದು ಮಣಿಪಾಲಕ್ಕೆ ಕೊಂಡುಹೋದರು. ತಮ್ಮ ಮೂಗಿನ ಮೇಲಿನ ಹೊಳಪನ್ನು ಬ್ಲೇಡಿನಿಂದ ಕೆರೆದರು. ಮೂಗು ಸರಿಯಾಯಿತು, ಕೆನ್ನೆ ಸರಿಕಾಣಲಿಲ್ಲ. ಕೆನ್ನೆ ಕೆರೆದರು, ಗಲ್ಲ ಹೋಯಿತು. ಕೊನೆಗೆ "ಪೂರ್ತಿ ಹೊಸತಾಗಿಯೇ ಮಾಡುವಾ" ಎಂದು ತಮ್ಮ ಇಡೀ ಆಕೃತಿಯ ಮೇಲೆ ಕೆಂಪು ಬಣ್ಣ ಬಳಿದುಬಿಟ್ಟರು. ನೆಗೆಟಿವಿನ ಮೇಲೆ ಬಣ್ಣ ಬಳಿದಲ್ಲೆಲ್ಲ ಪ್ರಿಂಟು ಬೆಳ್ಳಗಾಗುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೊಸತಾಗಿ ಮಾಡುವ ಕೆಲಸ ಮಾತ್ರ ಆಗಲೇ ಇಲ್ಲ. ಫೋಟೊ ಬಂದಾಗ ಅಕ್ಕ ಮೈತುಂಬ ಒಡವೆ ತೊಟ್ಟು, ನಾಚಿ, ಒಂದು ಬಿಳಿಯ ಮೋಡದ ಪಕ್ಕದಲ್ಲಿ ನಿಂತಿದ್ದಳು. ಕಣ್ಣು ಮಂಜಾಗಿದ್ದ ನಮ್ಮ ಸೋದರತ್ತೆ ಅದನ್ನು ಕೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿ, "ಹುಡುಗ ಒಳ್ಳೆ ಬೆಳ್ಳಗಿದ್ದಾನೆ" ಎಂದರು.

ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಕ್ಕನೂ ನಕ್ಕಳು. ಆದರೆ ಅವಳ ನಗು ನಮ್ಮದಕ್ಕಿಂತ ಬೇಗ ಮುಗಿಯಿತು. ಅವರಿಗೆ ಮಕ್ಕಳಾಗಲಿಲ್ಲ. ಮನೆಯಲ್ಲಿ ಇದ್ದವರು ಇಬ್ಬರೇ. ಅವರಲ್ಲೂ ಒಬ್ಬರು ಹಗಲೆಲ್ಲ ಮಣಿಪಾಲದಲ್ಲಿ. ಅಕ್ಕ ಬೆಳಗ್ಗೆ ಜಗಲಿಯಲ್ಲಿ ಮಣೆ ಹಾಕಿಕೊಂಡು ಮಲ್ಲಿಗೆ ಕಟ್ಟಲು ಕೂತರೆ ಎದುರಿಗೆ ಬೋಳು ಗೋಡೆ. "ಎಲ್ಲರ ಮನೆಯ ಗೋಡೆಯಲ್ಲಿ ಗಂಡ ಹೆಂಡತಿಯ ಪಟ ಉಂಟು. ನಮ್ಮದರಲ್ಲಿ ಹಲ್ಲಿ ಉಂಟು" ಎನ್ನುತ್ತಿದ್ದಳು. ಸೀರೆ ಬೇಕು, ಸರ ಬೇಕು ಎಂದು ಕೇಳಿದವಳಲ್ಲ. ಇಬ್ಬರೂ ಒಟ್ಟಿಗಿರುವ ಒಂದು ಪಟ, ಅದೊಂದೇ ಅವಳ ಆಸೆ.

ಇದಕ್ಕೆಂತ ಕಷ್ಟ? ಸ್ಟುಡಿಯೋಕ್ಕೆ ಹೋಗಿ ಪಕ್ಕಪಕ್ಕದಲ್ಲಿ ಕೂತರಾಯಿತು! ನಾನೂ ಹಾಗೆಯೇ ತಿಳಿದು ಇಬ್ಬರನ್ನೂ ಕಾರ್ಕಳಕ್ಕೆ ಕರೆಸಿ, ನನ್ನ ಬಿಡಾರದ ಹತ್ತಿರದ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಒಂದು ಬೆಂಚು, ಹಿಂದೆ ಪರದೆ, ಪರದೆಯ ಮೇಲೆ ಕೊಳ, ಕೊಳದಲ್ಲಿ ಎರಡು ಹಂಸ. ಅಕ್ಕ ಬೆಂಚಿನ ಒಂದು ತುದಿಯಲ್ಲಿ ಕೂತಳು. ಭಾವ ಕೂರಲಿಲ್ಲ. ಎಡಗಣ್ಣು ಮುಚ್ಚಿದರು.

"ಈ ಹಂಸಕ್ಕೆ ನೀರಿನಲ್ಲಿ ನೆರಳು ಉಂಟು, ಆ ಹಂಸಕ್ಕೆ ಇಲ್ಲ. ಅದೆಂತದು?"

ಫೋಟೊ ತೆಗೆಯುವವನು ನಕ್ಕು ಸುಮ್ಮನಾದ. ಭಾವ ಸುಮ್ಮನಾಗಲಿಲ್ಲ. ದೀಪ ಎತ್ತರವಾಯಿತೆಂದರು, ಸ್ಟೂಲು ಹತ್ತಿ ತಗ್ಗಿಸಿದರು. ಕ್ಯಾಮರಾದ ಕಾಲು ಓರೆ ಎಂದರು, ಕಾಗದ ಮಡಚಿ ಕೆಳಗಿಟ್ಟರು. ಮುಕ್ಕಾಲು ಗಂಟೆ ಕಳೆದ ಮೇಲೆ ಆ ಬಡಪಾಯಿ ಕೈಮುಗಿದು, "ಅಣ್ಣ, ನೀವೇ ತೆಗೆಯಿರಿ ಮಾರಾಯ್ರೆ" ಎಂದ. ಹಾಗೆ ಹೇಳಬಾರದಿತ್ತು. ಭಾವ ನಿಜವಾಗಿಯೂ ಕರಿಬಟ್ಟೆಯೊಳಗೆ ತಲೆ ಹಾಕಿ ಫೋಟೊ ತೆಗೆದೇಬಿಟ್ಟರು! ಬೆಂಚಿನ ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿ ಖಾಲಿ. ಅಕ್ಕ ಎದ್ದವಳೇ ಬಸ್‌ಸ್ಟ್ಯಾಂಡಿನ ಕಡೆಗೆ ನಡೆದಳು. ಭಾವ ಏನೂ ತಿಳಿಯದವರಂತೆ ಬೆಂಚಿನ ಇನ್ನೊಂದು ತುದಿಯಲ್ಲಿ ಹೋಗಿ ಕೂತರು. ಸ್ಟುಡಿಯೋದವನು ತನ್ನ ಸಿಟ್ಟಿಗೆ ಅವರೊಬ್ಬರನ್ನೇ ಒಂದು ಫೋಟೊ ಹೊಡೆದು, "ಇನ್ನು ಹೋಗಿ" ಎಂದ.

ಬಸ್ಸಿಗೆ ಕಾಯುವಾಗ ಭಾವ ಗೊಮ್ಮಟನ ಬೆಟ್ಟದ ಕಡೆ ಎಡಗಣ್ಣು ಮುಚ್ಚಿ ನೋಡಿ, "ಇಡೀ ಕಾರ್ಕಳದಲ್ಲಿ ನೆಟ್ಟಗೆ ನಿಂತವನು ಇವನೊಬ್ಬ" ಎಂದು ಮೆಚ್ಚಿಕೊಂಡರು. ಅಕ್ಕ ಬಸ್ಸು ಬಂದ ಕೂಡಲೇ ಹತ್ತಿ, ಅವರಿಂದ ದೂರದ ಸೀಟಿನಲ್ಲಿ ಹೋಗಿ ಕೂತಳು.

"ನೀವು ದಿನವಿಡೀ ಇದೇ ಕೆಲಸ ಮಾಡುವವರು. ಎರಡೂ ಫೋಟೊ ಕತ್ತರಿಸಿ ಅಂಟಿಸಿ ಒಂದು ಮಾಡಿ ಕೊಡಿ" ಎಂದು ನಾನು ಉಪಾಯ ಹೇಳಿದೆ. ಭಾವನಿಗೆ ಮೈಯೆಲ್ಲ ಉರಿದುಹೋಯಿತು.

"ಪ್ರೆಸ್ಸಿನಲ್ಲಿ ಅಂಟಿಸುವುದು ಸಂಬಳಕ್ಕೆ. ಮನೆಯ ಗೋಡೆಗೆ ಸುಳ್ಳು ಪಟ ಹಾಕ್ಲಿಕ್ಕೆ ಆಗ್ತದಾ?"

ಅಲ್ಲಿಗೆ ಆ ಮಾತು ನಿಂತಿತು. ಗೋಡೆಯಲ್ಲಿ ಹಲ್ಲಿಯೇ ಉಳಿಯಿತು.

ಹೀಗಿರುವಾಗ ನೆರೆಮನೆಯ ಸಿಸಿಲಿಬಾಯಿಯ ಗಂಡ ಗಲ್ಫಿನಿಂದ ರಜೆಯಲ್ಲಿ ಬಂದವನು ಒಂದು ಪಟ ತಂದ. ಎಂಥ ಪಟ! ನಿಂತು ನೋಡಿದರೆ ಮಾತೆ ಮರಿಯಮ್ಮ, ಮೊಣಕಾಲು ಬಗ್ಗಿಸಿ ನೋಡಿದರೆ ಬಾಲಏಸು. ಮೇಲೆ ಸಣ್ಣ ಸಣ್ಣ ಏಣು, ಅಂದರೆ ಸಾಲು ಸಾಲು ಉಬ್ಬುಗೆರೆ, ಇದ್ದ ದಪ್ಪ ಪ್ಲಾಸ್ಟಿಕ್ಕು, ಉಗುರಿನಿಂದ ಕೆರೆದರೆ ಕರ್ರ್ ಎನ್ನುವಂಥದ್ದು. ಕಾಪುವಿನ ಅರ್ಧ ಜನ ಆ ಪಟದ ಮುಂದೆ ಬಸ್ಕಿ ಹೊಡೆದು ಬಂದರು. ಗಂಡ ಮರಳಿ ಗಲ್ಫಿಗೆ ಹೋದ ಮೇಲೆ ಅಕ್ಕ ಒಂದು ದಿನದ ಮಟ್ಟಿಗೆಂದು ಅದನ್ನು ಬೇಡಿ ತಂದು ಭಾವನಿಗೆ ತೋರಿಸಿದಳು. ಅವಳ ಜೀವನದಲ್ಲಿ ಅವಳು ಮಾಡಿದ ದೊಡ್ಡ ತಪ್ಪು ಅದು. ಮರುದಿನ ಪಟ ಎರಡಾಗಿತ್ತು! ಬಿಸಿನೀರಿನಲ್ಲಿ ನೆನೆಸಿ, ಪ್ಲಾಸ್ಟಿಕ್ಕು ಬೇರೆ, ಕಾಗದ ಬೇರೆ ಮಾಡಿದ್ದರು. ಅಷ್ಟೂ ಸಾಲದೆಂದು, ಬಹಳ ದೊಡ್ಡ ಉಪಕಾರ ಮಾಡಿದವರಂತೆ ಸಿಸಿಲಿಬಾಯಿಯನ್ನೇ ಕರೆದು ಪಾಠ ಶುರುಮಾಡಿದರು.

"ಇಲ್ಲಿ ನೋಡಿ ಬಾಯಿ! ಇಬ್ಬರನ್ನೂ ನೂಲಿಗಿಂತ ಸಪುರ ಸೀಳಿದ್ದಾರೆ. ಅವರದ್ದೊಂದು ಗೆರೆ, ಇವರದ್ದೊಂದು ಗೆರೆ, ಹಾಗೆ ಸಾಲಾಗಿ ಹಾಕಿದ್ದಾರೆ. ಪ್ಲಾಸ್ಟಿಕ್ಕಿನ ಒಂದೊಂದು ಏಣೂ ಒಂದೊಂದು ಭೂತಗನ್ನಡಿ. ಈ ಕೋನದಲ್ಲಿ ಅವರ ಗೆರೆ ಮಾತ್ರ ತೋರಿಸ್ತದೆ, ಆ ಕೋನದಲ್ಲಿ ಇವರದ್ದು. ಎಂಥ ತಲೆ ಮಾರಾಯ್ರೆ!"

"ನನ್ನ ಮರಿಯಮ್ಮ ಎಲ್ಲಿ?" ಎಂದಳು ಸಿಸಿಲಿಬಾಯಿ.

"ಅರ್ಧ ಕಾಗದದಲ್ಲಿ ಉಂಟು. ಅರ್ಧ ನೀರಿಗೆ ಹೋಯಿತು."

ಆ ದಿನ ನಡೆದದ್ದನ್ನು ಪೂರ್ತಿ ಬರೆಯುವುದು ಟೀಚರಾದ ನನಗೆ ಶೋಭೆಯಲ್ಲ. ಕೊನೆಗೆ ಅಕ್ಕ ನಡುವೆ ಬಂದು, ಕ್ರಿಸ್‌ಮಸ್ಸಿಗೆ ಬಾಯಿಯ ಗಂಡ ಬರುವುದರೊಳಗೆ ಪಟ ಮೊದಲಿನ ಹಾಗೆ ಮಾಡಿ ಕೊಡುವುದೆಂದು ಮಾತು ಕೊಟ್ಟಳು. ಭಾವನಿಗೆ ಬೇಕಾಗಿದ್ದದ್ದೂ ಅದೇ!

ಶುರುವಾಯಿತು ನೋಡಿ. ಇಗರ್ಜಿಯ ಕ್ಯಾಲೆಂಡರಿನಿಂದ ಮರಿಯಮ್ಮ ಮತ್ತು ಬಾಲಏಸುವಿನ ಚಿತ್ರ ಹುಡುಕಿ ತಂದರು. ಒಂದು ಕಪ್ಪುಗೆರೆ, ಒಂದು ಖಾಲಿ ಗೆರೆ, ಹೀಗೆ ಉದ್ದಕ್ಕೂ ಅಡ್ಡಡ್ಡ ಗೆರೆ ಎಳೆದ ಒಂದು ಫಿಲ್ಮು ಮಾಡಿದರು. ಅದರ ಮೂಲಕ ಮೊದಲ ಚಿತ್ರ ತೆಗೆಯುವುದು, ಫಿಲ್ಮನ್ನು ಒಂದೇ ಒಂದು ಗೆರೆಯಷ್ಟು ಜರುಗಿಸುವುದು, ಬಿಟ್ಟುಹೋದ ಸಂದಿಗಳಲ್ಲಿ ಎರಡನೆಯ ಚಿತ್ರ ತೆಗೆಯುವುದು. ಆಮೇಲೆ ಏಣುಗಳಿಗೆ ಸರಿಯಾಗಿ ಗೆರೆ ಕೂತರೆ ಗೆದ್ದ ಹಾಗೆ. ಪ್ರತಿಯೊಂದು ಪ್ರಯತ್ನಕ್ಕೂ ಒಂದು ಕಂದು ಲಕೋಟೆ. ಅದಕ್ಕೆ ಅವರು ಫೈಲು ಎನ್ನುತ್ತಿದ್ದರು. ಒಳಗೆ ಫಿಲ್ಮುಗಳು, ಹೊರಗೆ ಮುತ್ತಿನಂಥ ಅಕ್ಷರದಲ್ಲಿ ಟಿಪ್ಪಣಿ: "ಏಣು ಇಂಚಿಗೆ ಐವತ್ತು. ಆರು ಇಂಚಿಗೆ ಮುನ್ನೂರು. ಗೆರೆ ಮಲಗಿದ್ದು. ಹೊರಗೆ ಮಳೆ."

ಮಳೆಯನ್ನು ಯಾಕೆ ಬರೆದರು ಎನ್ನುತ್ತೀರಾ? ಏಣು ಎಣಿಸಿದ್ದು ಮೇ ತಿಂಗಳಲ್ಲಿ, ಅಂಟಿಸಿದ್ದು ಜೂನ್ ತಿಂಗಳಲ್ಲಿ. ಮೇಲಿನಿಂದ ಕೆಳಕ್ಕೆ ಒಂದು ಪಟ್ಟಿ ಮರಿಯಮ್ಮ, ಒಂದು ಪಟ್ಟಿ ಬಾಲಏಸು, ಮತ್ತೆ ಮರಿಯಮ್ಮ, ಮತ್ತೆ ಬಾಲಏಸು, ಹೀಗೆ ಮೂರು ಮೂರು ಸಲ ಪೇರಿಸಿದಂತೆ ಕಾಣತೊಡಗಿತು. ಭಾವ ಎಡಗಣ್ಣು ಮುಚ್ಚಿ ಯೋಚಿಸಿ ತೀರ್ಪು ಕೊಟ್ಟರು. ಗಾಳಿಯಲ್ಲಿ ನೀರಿನ ಅಂಶ ಹೆಚ್ಚಾಗಿದೆ, ಅದರಿಂದ ಕಾಗದ ಹಿಗ್ಗಿದೆ. ಹೊರಗಿನ ಮಳೆಯನ್ನು ನಿಲ್ಲಿಸಲು ಅವರ ಕೈಯಲ್ಲಿ ಆಗುವಂತಿರಲಿಲ್ಲ. ಒಳಗಿನ ಹಬೆಯನ್ನು ನಿಲ್ಲಿಸಿದರು. ಮನೆಯಲ್ಲಿ ಇಡ್ಲಿ ಬಂದ್! ಕಡುಬು ಬಂದ್! ಗಂಜಿ ಬೇಯುವುದು ಅವರು ಏಳರ ಬಸ್ಸು ಹತ್ತಿದ ಮೇಲೆ. ಆ ವರ್ಷ ಅಷ್ಟಮಿಗೂ ಅವರ ಮನೆಯಲ್ಲಿ ಎಲೆಯ ಕೊಟ್ಟೆಯಲ್ಲಿ ಹಬೆಗಿಡುವ ಮೂಡೆಯಿಲ್ಲ, ಬರೀ ಅವಲಕ್ಕಿ.

"ಅಷ್ಟಮಿಗೆ ಒಂದು ಮೂಡೆಯಾದರೂ ಬೇಡವಾ?" ಎಂದಳು ಅಕ್ಕ.

"ಕೃಷ್ಣನಿಗೆ ಅವಲಕ್ಕಿಯೇ ಇಷ್ಟ ಅಲ್ವಾ?" ಎಂದರು ಭಾವ.

ಸೆಪ್ಟೆಂಬರಿನ ಹೊತ್ತಿಗೆ ಒಂಬತ್ತು ಫೈಲುಗಳಾಗಿದ್ದವು, ಪಟ್ಟಿಗಳು ಹಾಗೆಯೇ ಇದ್ದವು. ಸಿಸಿಲಿಬಾಯಿ ಬೇಲಿಯ ಆಚೆ ನಿಂತು ದಿನಕ್ಕೆರಡು ಸಲ ಕ್ರಿಸ್‌ಮಸ್ಸಿಗೆ ಎಷ್ಟು ದಿನ ಉಂಟೆಂದು ಜೋರಾಗಿ ಹೇಳುತ್ತಿದ್ದಳು. ಒಂದು ಭಾನುವಾರ ಅಕ್ಕನಿಗೆ ತಲೆಕೆಟ್ಟಿತು. ಮಲ್ಲಿಗೆ ಕಟ್ಟುತ್ತಿದ್ದವಳು ಬಾಳೆನಾರು ಬದಿಗಿಟ್ಟು, "ಕೊಡಿ ಇಲ್ಲಿ ಆ ಪ್ಲಾಸ್ಟಿಕ್ಕು" ಎಂದಳು.

ಅಕ್ಕನ ಎಣಿಕೆಯ ವಿಷಯ ನಿಮಗೆ ಹೇಳಬೇಕು. ಮಲ್ಲಿಗೆಯ ಒಂದು ಚೆಂಡಿಗೆ ಎಂಟುನೂರು ಮೊಗ್ಗು. ಅವಳು ನಾಲ್ಕು ನಾಲ್ಕರಂತೆ ಎತ್ತಿ ಕಟ್ಟುತ್ತಾ, ನನ್ನೊಡನೆ ಊರಿನ ಸುದ್ದಿ ಮಾತಾಡುತ್ತಾ, ಕಾಗೆ ಓಡಿಸುತ್ತಾ ಎಣಿಸುವವಳು. ಒಂದು ಮೊಗ್ಗು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದು, ಪ್ಲಾಸ್ಟಿಕ್ಕಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಏಣಿನಿಂದ ಏಣಿಗೆ ಟಿಕ್ ಟಿಕ್ ಎಂದು ನಡೆಸಿದಳು.

"ಮುನ್ನೂರ ಮೂರು."

"ಮುನ್ನೂರು" ಎಂದರು ಭಾವ. "ಇಂಚಿಗೆ ಐವತ್ತು, ಆರು ಇಂಚು. ಭೂತಗನ್ನಡಿಯಲ್ಲಿ ನೋಡಿದ್ದೇನೆ."

"ಒಂದು ಇಂಚು ನೋಡಿ ಆರರಿಂದ ಗುಣಿಸಿದರೆ ಆಗ್ತದಾ? ಪ್ರತಿ ಇಂಚಿನಲ್ಲಿ ಅರ್ಧ ಏಣು ನಿಮ್ಮ ಕಣ್ಣು ತಪ್ಪಿಸಿ ಹೋಗಿದೆ. ಹೂವಾಗಲಿ ಎಂತದೇ ಆಗಲಿ, ಪೂರ್ತಿ ಎಣಿಸಬೇಕು."

ಭಾವ ಪಿನ್ನು ಹಿಡಿದು ಮೂರು ಸಲ ಎಣಿಸಿದರು. ಮೂರು ಸಲವೂ ಮುನ್ನೂರ ಮೂರು! ಏಣು ಮೂರು ಹೆಚ್ಚು, ಅದಕ್ಕೇ ಪಟ್ಟಿ ಮೂರು. ಕೂತಲ್ಲಿಂದ ಎದ್ದು ಅಂಗಳಕ್ಕೆ ಹೋಗಿ, ಮತ್ತೆ ಒಳಗೆ ಬಂದು, ಅಕ್ಕನ ಮುಂದೆ ನಿಂತರು. ಅಕ್ಕ ತಣ್ಣಗೆ ಕೇಳಿದಳು, "ಹಾಗಾದರೆ ಮಳೆಗಾಲವಿಡೀ ನಾವು ಇಡ್ಲಿ ತಿನ್ನದೆ ಇದ್ದದ್ದು ಯಾಕೆ?"

ಹತ್ತನೆಯ ಫೈಲಿನ ಮೇಲೆ ಬರೆದಿತ್ತು: "ಏಣು ಮುನ್ನೂರ ಮೂರು, ಅವಳು ಎಣಿಸಿದ್ದು. ಗೆರೆ ಮಲಗಿದ್ದು. ಇಡ್ಲಿಯಿಂದ ತೊಂದರೆ ಇಲ್ಲ."

ಕ್ರಿಸ್‌ಮಸ್ಸಿಗೆ ಬಾಯಿಯ ಗಂಡ ಬಂದ. ಗೋಡೆಯ ಮೇಲಿನ ಪಟ ನೋಡಿದ, ಬಸ್ಕಿ ಹೊಡೆದ, ಹುಬ್ಬು ಗಂಟು ಹಾಕಿದ. "ಇದು ಮೊದಲು ಹೀಗಿರಲಿಲ್ಲ ಅಲ್ವಾ?" ಎಂದ. ಬೇಲಿಯ ಈಚೆ ಅಕ್ಕ ಕಿವಿಗೊಟ್ಟು ನಿಂತಿದ್ದಳು. "ಮೊದಲು ಮರಿಯಮ್ಮ ಫಾರಿನಿನವಳ ಹಾಗೆ ಇದ್ದಳು. ಈಗ ನಮ್ಮ ಊರಿನವಳ ಹಾಗೆ ಕಾಣ್ತಾಳೆ" ಎಂದು ಕೈಮುಗಿದ. ಸಿಸಿಲಿಬಾಯಿ ಆಮೇಲೆ ನಡೆದದ್ದನ್ನೆಲ್ಲ ಹೇಳಿದಳಂತೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಮುಂದಿನ ರಜೆಯಲ್ಲಿ ಅತ್ತರು, ಟಾರ್ಚುಗಳ ಜೊತೆ ಭಾವನಿಗೆಂದು ಏಣಿನ ಪ್ಲಾಸ್ಟಿಕ್ಕಿನ ಒಂದು ಕಟ್ಟನ್ನೇ ತಂದುಕೊಟ್ಟ.

ಆ ಕಟ್ಟು ಬಿಚ್ಚಿದ ದಿನವೇ ಭಾವ ಕಾರ್ಕಳದ ಆ ಎರಡು ನೆಗೆಟಿವ್ ಹೊರತೆಗೆದರು. ಅದೇ ಬೆಂಚು, ಅದೇ ಹಂಸ. ಒಂದರಲ್ಲಿ ಅಕ್ಕ, ಒಂದರಲ್ಲಿ ಭಾವ. ಇಬ್ಬರನ್ನೂ ಗೆರೆಗೆರೆಯಾಗಿ ಸೀಳಿ ಒಂದೇ ಪಟದಲ್ಲಿ ಕೂರಿಸಿದರು. ಕತ್ತರಿಯಿಲ್ಲ, ಅಂಟಿಲ್ಲ, ಸುಳ್ಳಿಲ್ಲ. ಅಕ್ಕನ ಮಣೆಯ ಎದುರಿನ ಗೋಡೆಗೆ ತೂಗುಹಾಕಿ, "ನಿನ್ನ ಪಟ" ಎಂದರು. ಅಕ್ಕ ಓಡಿ ಬಂದು ಮಣೆಯ ಮೇಲೆ ಕೂತಳು. ನೋಡಿದಳು. ಎದ್ದು ನಿಂತಳು. ನೋಡಿದಳು. ಮತ್ತೆ ಕೂತಳು.

"ಕೂತರೆ ನಾನು, ನಿಂತರೆ ನೀವು. ಒಟ್ಟಿಗೆ ಎಲ್ಲಿ?"

"ಒಂದೇ ಪಟದಲ್ಲಿ ಇದ್ದೇವಲ್ವಾ?"

"ನಾನು ಇರುವಾಗ ನೀವಿಲ್ಲ, ನೀವು ಇರುವಾಗ ನಾನಿಲ್ಲ. ಅದಕ್ಕೆ ಪಟ ಯಾಕೆ? ನಮ್ಮ ಸಂಸಾರವೇ ಹಾಗೆ ಉಂಟು! ಹೂ ಕಟ್ಟುವಷ್ಟು ಹೊತ್ತೂ ನನ್ನ ಮುಖವನ್ನು ನಾನೇ ನೋಡುತ್ತಾ ಕೂರಬೇಕಾ? ಕನ್ನಡಿ ಸಾಲದಾ?"

ಪಟ ಕೆಳಗಿಳಿಯಿತು. ನಾನು ಸಮಾಧಾನಕ್ಕೆಂದು, "ಗೆರೆಯನ್ನು ಮಲಗಿಸುವ ಬದಲು ನಿಲ್ಲಿಸಿ ನೋಡಿ ಭಾವ" ಎಂದೆ. ನನಗೇನು ಗೊತ್ತಿತ್ತು? ಬಾಯಿಗೆ ಬಂದದ್ದು ಹೇಳಿದೆ. ಭಾವ ನನ್ನನ್ನು ಅಡ್ಡದಾರಿ ಹಿಡಿದವಳನ್ನು ನೋಡುವಂತೆ ನೋಡಿದರು.

"ಗೆರೆ ನಿಲ್ಲಿಸಿದರೆ ಎಡಗಣ್ಣಿಗೆ ಒಬ್ಬರು, ಬಲಗಣ್ಣಿಗೆ ಒಬ್ಬರು ಬೀಳ್ತಾರೆ. ಪಟ ಕಲಸನ್ನ ಆಗ್ತದೆ. ಅದು ತಪ್ಪು ಕೆಲಸ ಟೀಚರೇ, ಕೆಲಸ ಕಲಿತವನು ಹಾಗೆ ಮಾಡುವುದಿಲ್ಲ."

ಮತ್ತೆ ಹಲವು ವರ್ಷ ಆ ಮಾತು ಯಾರೂ ಎತ್ತಲಿಲ್ಲ. ಅಕ್ಕ ಬೋಳು ಗೋಡೆಗೆ ಎದುರಾಗಿ ಹೂ ಕಟ್ಟಿದಳು. ಭಾವ ಮಣಿಪಾಲಕ್ಕೆ ಹೋಗಿ ಬಂದರು. ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಅವರು ನಿವೃತ್ತಿಯ ಅವಧಿಗಿಂತ ಮೊದಲೇ ಕೆಲಸ ಬಿಟ್ಟರು. ಯಾಕೆಂದು ಕೇಳಿದರೆ, "ಸಾಕಾಯಿತು" ಎಂದರು. ಆ ದಿನಗಳಲ್ಲೊಮ್ಮೆ ನಾನು ಕಾಪುವಿಗೆ ಹೋಗಿದ್ದಾಗ ಮೀನು ತರಲು ಅವರ ಜೊತೆ ಹೋದೆ. ಬಂಗುಡೆಯ ಕಿವಿರು ಎತ್ತಿ ಕಣ್ಣು ಮುಚ್ಚಿದರು. ನೋಡುತ್ತೇನೆ, ಮುಚ್ಚಿದ್ದು ಬಲಗಣ್ಣು!

"ಎಂತ ಭಾವ, ಕಣ್ಣು ಬದಲಾಯಿಸಿದಿರಾ?"

"ಎಡದವನು ಇಷ್ಟು ವರ್ಷ ರಜೆಯಲ್ಲಿದ್ದ ಮಾರಾಯ್ತಿ. ಇನ್ನು ಸ್ವಲ್ಪ ಡ್ಯೂಟಿ ಮಾಡಲಿ" ಎಂದರು.

ನಾನು ಬಿದ್ದು ಬಿದ್ದು ನಕ್ಕೆ. ಕಾರ್ಕಳಕ್ಕೆ ಬಂದು ಸ್ಟಾಫ್‌ರೂಮಿನಲ್ಲಿ ಹೇಳಿದೆ, ಅಲ್ಲಿಯೂ ಎಲ್ಲರೂ ನಕ್ಕರು.

ಆರು ತಿಂಗಳ ನಂತರ, ದಸರಾ ರಜೆಯಲ್ಲಿ ಮತ್ತೆ ಹೋದೆ. ಬೆಳಗಿನ ಹೊತ್ತು. ಅಕ್ಕ ಕಟ್ಟಿದ ಹೂವನ್ನು ಮಲ್ಲಿಗೆ ಕೊಳ್ಳುವವರ ಕಟ್ಟೆಗೆ ಕೊಟ್ಟು ಬರಲು ಹೋಗಿದ್ದಳು. ಜಗಲಿಯಲ್ಲಿ ಭಾವ ಒಬ್ಬರೇ, ಗೋಡೆಯ ಮೇಲೆ ಹೊಸದೊಂದು ಪಟ. ನನ್ನನ್ನು ಕಂಡದ್ದೇ ಕೈಹಿಡಿದು ಎಳೆದು ಅಕ್ಕನ ಮಣೆಯ ಮೇಲೆ ಕೂರಿಸಿದರು.

"ತಲೆ ಅಲುಗಿಸಬೇಡ. ಎರಡೂ ಕಣ್ಣು ಬಿಡು. ಎಂತ ಕಾಣ್ತದೆ ಹೇಳು."

ನೋಡಿದೆ. ಅದೇ ಬೆಂಚು, ಅದೇ ಕೊಳ, ಅದೇ ನೆರಳಿಲ್ಲದ ಹಂಸ. ಬೆಂಚಿನ ಮೇಲೆ ಭಾವ ಕೂತಿದ್ದರು. ಅವರ ಎಡಕ್ಕೆ, ಶಾಸ್ತ್ರಕ್ಕೆ ಸರಿಯಾಗಿ, ಅಕ್ಕ ಕೂತಿದ್ದಳು.

"ಇಬ್ಬರೂ ಇದ್ದೀರಿ ಭಾವ!"

"ಕಲಸನ್ನ ಉಂಟಾ?"

"ಇಲ್ಲವೇ ಇಲ್ಲ."

"ಒಟ್ಟಿಗೆ ಕಾಣ್ತೇವಾ? ಸರಿಯಾಗಿ ನೋಡಿ ಹೇಳು ಟೀಚರೇ, ಗಡಿಬಿಡಿ ಮಾಡಬೇಡ."

ನನಗೆ ವಿಚಿತ್ರವೆನಿಸಿತು. ಜನ್ಮದಲ್ಲಿ ಬೇರೆಯವರ ಕಣ್ಣನ್ನು ನಂಬದ ಮನುಷ್ಯ! ಅಕ್ಕಸಾಲಿಗನನ್ನು ನಂಬದವರು, ಸ್ಟುಡಿಯೋದವನನ್ನು ನಂಬದವರು, ನನ್ನ ಹತ್ತಿರ ಹೀಗೆ ಕೇಳುತ್ತಾರೆಯೇ? "ನೀವೇ ಕೂತು ನೋಡಬಾರದಾ?" ಎಂದೆ. ಮಣೆಯ ಪಕ್ಕದಲ್ಲಿ ಕಂದು ಲಕೋಟೆ ಬಿದ್ದಿತ್ತು. ಎತ್ತಿ ಓದಿದೆ. ಮುತ್ತಿನಂಥ ಅಕ್ಷರ ಸೊಟ್ಟಗಾಗಿತ್ತು.

"ಏಣು ಪೂರ್ತಿ ಎಣಿಸಿದೆ. ಗೆರೆ ನಿಂತದ್ದು. ಎಡಗಣ್ಣಿಗೆ ಅವಳು, ಬಲಗಣ್ಣಿಗೆ ನಾನು. ಮಣೆಯಿಂದ ಮೂರೂವರೆ ಅಡಿ. ನಾನು ನೋಡಿಲ್ಲ."

"ಬಲಗಣ್ಣು ಹೋಗಿ ಎಂಟು ತಿಂಗಳಾಯಿತು" ಎಂದರು ಭಾವ. "ಮಣಿಪಾಲದಲ್ಲಿ ತೋರಿಸಿದೆ. ಒಳಗಿನ ಪರದೆ ಹಾಳಾಗಿದೆ, ಮತ್ತೆ ಬರುವುದಿಲ್ಲ ಅಂದರು. ನಾನು ಒಂದು ಕಣ್ಣು ಮುಚ್ಚಿಯೇ ಇರುವವನಲ್ವಾ, ಯಾರಿಗೂ ಗೊತ್ತಾಗಲಿಲ್ಲ. ಅವಳಿಗೆ ಹೇಳಬೇಡ."

ಸ್ಟಾಫ್‌ರೂಮಿನ ನಗು ನನ್ನ ಕಿವಿಯಲ್ಲಿ ಕೇಳಿಸಿತು. ನನ್ನ ಮೇಲೆ ನನಗೇ ನಾಚಿಕೆಯಾಯಿತು. ಒಮ್ಮೆ ಎಡಗಣ್ಣು ಮುಚ್ಚಿದೆ, ಪಟದಲ್ಲಿ ಭಾವ ಮಾತ್ರ ಉಳಿದರು. ಬಲಗಣ್ಣು ಮುಚ್ಚಿದೆ, ಅಕ್ಕ ಮಾತ್ರ ಉಳಿದಳು.

"ನಿಮಗೆ ಎಂತ ಕಾಣ್ತದೆ ಭಾವ?" ಎಂದು ಕೇಳಿದೆ.

"ಅವಳು. ಎಡಗಣ್ಣಿಗೆ ಅವಳನ್ನು ಹಾಕಿದ್ದು ಅದಕ್ಕೇ ಅಲ್ವಾ?"

ಅಷ್ಟರಲ್ಲಿ ಅಕ್ಕ ಬಂದಳು. ನಾನು ಎದ್ದು ಬದಿಗೆ ನಿಂತೆ. ಅವಳು ಗೋಡೆ ನೋಡಿದಳು, ಮಣೆಯ ಮೇಲೆ ಕೂತಳು. ಆಮೇಲೆ ಸ್ವಲ್ಪ ಸರಿದು, ಮಣೆಯಲ್ಲಿ ಜಾಗ ಬಿಟ್ಟು, "ಬನ್ನಿ, ನೀವೂ ಕೂರಿ" ಎಂದಳು. ಭಾವ ಕೂತರು.

"ಯಾರು ಕಾಣ್ತಾರೆ?"

ಭಾವ ನನ್ನ ಕಡೆ ನೋಡಿದರು. ಇಬ್ಬರೂ ಕಾಣ್ತೇವೆ ಎಂದುಬಿಡಿ, ಒಂದು ಸುಳ್ಳು ಹೇಳಿಬಿಡಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಈ ಮನುಷ್ಯ ಹೇಳುತ್ತಾರೆಯೇ?

"ನೀನು" ಎಂದರು.

"ಗೊತ್ತುಂಟು" ಎಂದಳು ಅಕ್ಕ. "ಮಾರ್ಚಿನಿಂದ ನೀವು ನನ್ನನ್ನು ಬೇರೆ ಕಣ್ಣಿನಿಂದ ನೋಡ್ತಾ ಇದ್ದೀರಿ. ನೀವೇ ಹೇಳುವವರೆಗೆ ಕೇಳಬಾರದು ಅಂತ ಸುಮ್ಮನಿದ್ದೆ."

ಅವಳು ಅಳಲಿಲ್ಲ. ನಾನು ಅತ್ತೆ. ಅವಳು ಮಣೆಯಿಂದ ಎದ್ದು, ಅವರ ಎಡಗಡೆಯಿಂದ ಸುತ್ತಿ ಬಂದು, ಬಲಗಡೆಯಲ್ಲಿ ಕೂತಳು. ಅಂದಿನಿಂದ ಅವಳ ಜಾಗ ಅದೇ. ಬಸ್ಸಿನಲ್ಲಿ, ದಾರಿಯಲ್ಲಿ, ದೇವಸ್ಥಾನದಲ್ಲಿ ಎಲ್ಲಿಯೂ. ಮುಂದಿನ ವರ್ಷ ಹಿರಿಯಡ್ಕದಲ್ಲಿ ಒಂದು ಪೂಜೆಗೆ ಇಬ್ಬರೂ ಕೂತಾಗ ನಮ್ಮ ಸೋದರತ್ತೆ ಎಲ್ಲರಿಗೂ ಕೇಳುವಂತೆ, "ಹೆಂಡತಿ ಗಂಡನ ಎಡಕ್ಕೆ ಕೂರಬೇಕು, ಅಷ್ಟೂ ಗೊತ್ತಿಲ್ಲವಾ?" ಎಂದು ಗದರಿದರು. ಅಕ್ಕ ಜರುಗಲಿಲ್ಲ.

"ಎಡಗಡೆಯದ್ದು ಅವರಿಗೆ ಕಾಣ್ತದೆ ಅತ್ತೆ" ಎಂದಳು. "ಈಚೆಯದ್ದು ನಾನು ನೋಡಿಕೊಳ್ತೇನೆ."